ಮೊಳೆಯದ ಬೀಜಕ್ಕೆ ಕೈಗುಣದ ನೆಪ

ನನ್ನ ತಾರಸಿ ತೋಟದ ಹುಚ್ಚು ನಿಮಗೆಲ್ಲ ಗೊತ್ತಿರುವುದರಿಂದ ಪೀಠಿಕೆ ಬೇಡ. ಇಂದು ಬೀಜದ ಅಂಗಡಿಯಲ್ಲಿ, ಬಿತ್ತಿದ ಬೆಂಡೆ ಒಂದೂ ಮೊಳೆಯಲಿಲ್ಲವೆಂದು ದೂರು ಹೊತ್ತು ಬಂದ ಯುವತಿಯೊಬ್ಬರಿಗೆ ಅಂಗಡಿಯವರು, "ಎಲ್ಲರಿಗೂ ಕೈಗುಣ ಇರೋದಿಲ್ಲಮ್ಮ" ಎಂದು ನಗುತ್ತಲೇ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರಗಳ ಚೀಲಗಳನ್ನು ಮಾರಿ ಕಳಿಸಿದರು. ಆಕೆಯ ಬಳಿಯಿದ್ದ ಹಳೆಯ ಬೀಜದ ಪೊಟ್ಟಣವನ್ನು ಕೇಳಿ ನೋಡಿದೆ. ಮುಂದೆ ಹೊಳೆಯುವ ಬೆಂಡೆಕಾಯಿಯ ಚಿತ್ರವಿತ್ತು; ಹಿಂದೆ ತಳಿಯ ಹೆಸರೂ ಇಲ್ಲ, ಮೊಳಕೆಯ ಪ್ರಮಾಣವೂ ಇಲ್ಲ, ಪರೀಕ್ಷಿಸಿದ ದಿನಾಂಕವಂತೂ ಇಲ್ಲವೇ ಇಲ್ಲ.

ಬೀಜಕ್ಕೂ ಆಯಸ್ಸಿದೆ. ಒಣಗಿದ, ತಂಪಾದ ಜಾಗದಲ್ಲಿಟ್ಟರೆ ಟೊಮೆಟೊ, ಬದನೆ ಮೂರ್ನಾಲ್ಕು ವರ್ಷ ತಾಳಬಹುದು. ಈರುಳ್ಳಿ ಬೀಜ ಮಾತ್ರ ಒಂದು ವರ್ಷ ಕಳೆಯುವಷ್ಟರಲ್ಲಿ ಸೊರಗುತ್ತದೆ. 1966ರಲ್ಲೇ ಬೀಜ ಕಾಯ್ದೆ ಮಾಡಿಕೊಂಡ ದೇಶ ನಮ್ಮದು. ಪರೀಕ್ಷಿಸಿ ದೃಢೀಕರಿಸಿದ, ಅಂದರೆ ಪ್ರಮಾಣೀಕೃತ ಬೀಜವಾದರೆ ಬೆಂಡೆ ಕನಿಷ್ಠ ಶೇ. 65, ಟೊಮೆಟೊ ಶೇ. 70, ಮೆಣಸಿನಕಾಯಿ ಶೇ. 60 ಮೊಳೆಯಬೇಕು, ಪರೀಕ್ಷೆಯ ದಿನದಿಂದ 9 ತಿಂಗಳು ಅದರ ಅವಧಿ. ಇಷ್ಟೆಲ್ಲ ಲೆಕ್ಕ ರೈತರ ಮೂಟೆಗೆ. ಕುಂಡದಲ್ಲಿ ಬೆಳೆಯುವವರಿಗೆ ಚಿತ್ರ ಸಾಕು ಎಂದು ತೀರ್ಮಾನಿಸಿದವರು ಯಾರೋ!

ಸಣ್ಣ ಪೊಟ್ಟಣಕ್ಕೆ ಇಷ್ಟೇಕೆ ರಾದ್ಧಾಂತ, ತಪ್ಪು ನೀರಿನದೂ ಇರಬಹುದಲ್ಲ ಎನ್ನುತ್ತೀರಿ. ಇರಬಹುದು. ಆಳವಾಗಿ ಹೂತರೂ, ಮಣ್ಣು ಕೆಸರಾಗುವಷ್ಟು ನೀರು ಹೊಯ್ದರೂ ಬೀಜ ಕೊಳೆಯುತ್ತದೆ. ಮೆಣಸಿನಕಾಯಿಗೆ ಎರಡು ವಾರದ ತಾಳ್ಮೆಯೂ ಬೇಕು. ಆದರೆ ಹೆಸರುಕಾಳು ಮೊಳಕೆ ಕಟ್ಟುವಂತೆ ಹತ್ತು ಬೆಂಡೆ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬಟ್ಟೆ ಆರದಂತೆ ನೋಡಿಕೊಂಡರೆ ವಾರದೊಳಗೆ ಸತ್ಯ ಹೊರಬೀಳುತ್ತದೆ. ಬಟ್ಟೆಯಲ್ಲೇ ಬಾಯಿ ಬಿಡದ ಬೀಜಕ್ಕೆ ಎರೆಗೊಬ್ಬರ ಹಾಕಿ ಏನು ಪ್ರಯೋಜನ? ಈ ಉಪಾಯವನ್ನು ಮಾತ್ರ ಯಾವ ಅಂಗಡಿಯವರೂ ಹೇಳುವುದಿಲ್ಲ, ಹೇಳಿದರೆ ಚೀಲ ಖರ್ಚಾಗುವುದು ಹೇಗೆ?

ನಿಜ ಹೇಳಬೇಕೆಂದರೆ ಬೆಂಡೆಕಾಯಿ ಪಲ್ಯ ನನಗೆ ಸೇರುವುದೇ ಇಲ್ಲ. ಮಣ್ಣನ್ನು ತಲೆಯ ಮೇಲೆ ಹೊತ್ತು ಏಳುವ ಜೋಡಿ ಎಲೆಗಳನ್ನು ನೋಡುವ ಆಸೆಗೇ ಬಿತ್ತುತ್ತೇನೆ. ಮೊದಲ ಬಾರಿ ಬಿತ್ತಿದವರಿಂದ ಆ ಸಂತೋಷವನ್ನು ಕಸಿದು, ಮೇಲೆ ಅವರ ಕೈಯನ್ನೇ ದೂರುವುದನ್ನು ಸಹಿಸಲಾರೆ.

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಎಂಬ ಬೆಂಡೆ ತಳಿ ಹೈಬ್ರಿಡ್ ಅಲ್ಲ, ಅದರ ಬೀಜದಿಂದ ಅದೇ ಗುಣದ ಗಿಡ ಬರುತ್ತದೆ. ಹತ್ತಿರದಲ್ಲಿ ಬೇರೆ ಬೆಂಡೆ ತಳಿ ಇಲ್ಲದಿದ್ದರೆ, ಒಂದೆರಡು ಕಾಯಿಗಳನ್ನು ಗಿಡದಲ್ಲೇ ಒಣಗಲು ಬಿಟ್ಟು ಬೀಜ ತೆಗೆದಿಟ್ಟುಕೊಳ್ಳಬಹುದು. ನನ್ನ ಬಳಿ ಈ ಸಲದ ಬೀಜ ಸಾಕಷ್ಟಿದೆ. ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ದಿನಾಂಕ ಬರೆದೇ ಕೊಡುತ್ತೇನೆ.