ಪೇರ್ ಆಗಿದೆ, ಮಾತಾಡ್ತಿಲ್ಲ

ನಮ್ಮನೆಯಲ್ಲಿ ಬೆಳಗ್ಗೆ ಆರಕ್ಕೆ ಸುಪ್ರಭಾತ ಹಾಕುವುದು ರಾಸ್ಪ್‌ಬೆರಿ ಪೈ 3. ಅಂಗೈಯಗಲದ ಕಂಪ್ಯೂಟರ್, ದೇವರ ಮನೆ ಪಕ್ಕದ ಶೆಲ್ಫಿನಲ್ಲಿ ಕೂತಿರುತ್ತದೆ. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ, ಮಾತಾಡಿಸೋಕೆ ವೈಫೈ ಒಂದೇ ದಾರಿ. ಪಕ್ಕದ ಮನೆಯವರು ನಮ್ಮ ವೈಫೈನಲ್ಲಿ ಕ್ರಿಕೆಟ್ ನೋಡುತ್ತಾರೆ ಎಂಬ ಅನುಮಾನ ಬಂದು ನನ್ನ ತಮ್ಮ ನಮ್ಮ ರೂಟರಿನ ಪಾಸ್‌ವರ್ಡ್ ಬದಲಾಯಿಸಿದ. ಪೈಗೆ ಹೇಳುವವರು ಯಾರು? ಅದರೊಳಗೆ ಬ್ಯಾಟರಿ ಗಡಿಯಾರವೂ ಇಲ್ಲ, ಟೈಮ್ ಇಂಟರ್ನೆಟ್ಟಿನಿಂದಲೇ ಬರಬೇಕು. ಕರೆಂಟ್ ಹೋಗಿ ಬಂದಾಗಲೆಲ್ಲ ಅದರ ಗಂಟೆ ಹಿಂದೆ ಬಿತ್ತು. ಕೊನೆಗೆ ಅಮ್ಮ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ದೇವರನ್ನು ಎಬ್ಬಿಸತೊಡಗಿತು.

"ಸರಿ ಮಾಡು, ಇಲ್ಲಾ ಬಿಸಾಕು" ಅಂದಳು ಅಮ್ಮ.

ವೈಫೈ ಇಲ್ಲದಿದ್ದರೇನು, ಬ್ಲೂಟೂತ್ ಸೀರಿಯಲ್ ಇದೆಯಲ್ಲ! ಅಂದರೆ ಅಕ್ಷರಗಳನ್ನು ಸಾಲಾಗಿ ಕಳಿಸುವ ವೈರಿನ ಬದಲು ಬ್ಲೂಟೂತ್. ಎಚ್‌ಸಿ-05 ಮಾಡ್ಯೂಲ್ ಎಂಬ ಪುಟ್ಟ ಬ್ಲೂಟೂತ್ ಬೋರ್ಡ್ ತಂದೆ. ಪೈನ ಟಿಎಕ್ಸ್, ಅಂದರೆ ಕಳಿಸುವ ಪಿನ್, ಇದರ ಕೇಳಿಸಿಕೊಳ್ಳುವ ಪಿನ್ ಆರ್‌ಎಕ್ಸ್‌ಗೆ, ಅದರ ಆರ್‌ಎಕ್ಸ್ ಇದರ ಟಿಎಕ್ಸ್‌ಗೆ, ಗ್ರೌಂಡ್ ಗ್ರೌಂಡ್‌ಗೆ. ಎರಡರದ್ದೂ 3.3 ವೋಲ್ಟ್ ಸಿಗ್ನಲ್, ಮಧ್ಯೆ ರೆಸಿಸ್ಟರ್ ರಗಳೆ ಇಲ್ಲ. ಲ್ಯಾಪ್‌ಟಾಪಿನಲ್ಲಿ ಹುಡುಕಿ 1234 ಒತ್ತಿದೆ. ಪೇರ್ ಆಯಿತು. ಪೈ ಜೊತೆ ಅಕ್ಷರದಲ್ಲಿ ಮಾತಾಡುವ ಟರ್ಮಿನಲ್ ತೆರೆದರೆ ಚಕಾರ ಇಲ್ಲ. ಮಾಡ್ಯೂಲಿನ ಕೆಂಪು ದೀಪ ಪಟಪಟ ಮಿನುಗುತ್ತಲೇ ಇತ್ತು. ಪೇರ್ ಆಗುವುದೆಂದರೆ ಬರೀ ನಿಶ್ಚಿತಾರ್ಥ, ತಾಳಿ ಕಟ್ಟುವತನಕ ಆ ದೀಪಕ್ಕೆ ಸಮಾಧಾನ ಇಲ್ಲ. ವಿಂಡೋಸ್ ಈ ಮಾತುಕತೆಗೆ ಎರಡು ಬಾಗಿಲು, ಅಂದರೆ ಕಾಮ್ ಪೋರ್ಟ್, ಮಾಡಿಟ್ಟಿತ್ತು, ಒಳಬರುವುದಕ್ಕೊಂದು, ಹೊರಹೋಗುವುದಕ್ಕೊಂದು. ಹೊರಹೋಗುವುದನ್ನು ತೆರೆದೆ. ದೀಪ ಎರಡು ಸಲ ಮಿಂಚಿ ಸುಮ್ಮನಾಗಿ, ಮತ್ತೆ ಎರಡು ಸಲ ಮಿಂಚಿತು.

ಪರದೆ ತುಂಬಾ ಪ್ರಶ್ನೆ ಗುರುತು, ಚೌಕ, ಎಲ್ಲೂ ಇಲ್ಲದ ಅಕ್ಷರ. ಪೈ ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ವಟಗುಟ್ಟುತ್ತಿದೆ, ಮಾಡ್ಯೂಲ್ ಕಾರ್ಖಾನೆಯಿಂದ ಬಂದ 9600ರಲ್ಲೇ ಇದೆ. ಟರ್ಮಿನಲ್ಲಿನಲ್ಲಿ ವೇಗ ಬದಲಾಯಿಸಿದರೂ ಪ್ರಯೋಜನ ಇಲ್ಲ, ಬ್ಲೂಟೂತ್ ಪೋರ್ಟಿನಲ್ಲಿ ಆ ಅಂಕಿ ಸುಮ್ನೆ ಶಾಸ್ತ್ರಕ್ಕೆ. ಪೈ 3ರದ್ದು ಇನ್ನೊಂದು ತಮಾಷೆ: ಸೀರಿಯಲ್ ಮಾತು ನಡೆಸುವ ಗಟ್ಟಿ ಯುಎಆರ್‌ಟಿಯನ್ನು ತನ್ನ ಒಳಗಿನ ಬ್ಲೂಟೂತಿಗೆ ಕೊಟ್ಟುಕೊಂಡು, ಹೊರಗಿನ ಪಿನ್ನುಗಳಿಗೆ ಮಿನಿ ಯುಎಆರ್‌ಟಿ ಬಿಟ್ಟಿದೆ. ಅದರ ವೇಗ ಚಿಪ್ಪಿನ ಕ್ಲಾಕ್ ಜೊತೆ ಏರಿಳಿಯುತ್ತದೆ. ಎಸ್‌ಡಿ ಕಾರ್ಡಿನ ಕಾನ್ಫಿಗ್ ಫೈಲಿನಲ್ಲಿ ಅದನ್ನು ಕಟ್ಟಿಹಾಕುವ ಸಾಲು ಮೊದಲೇ ಇತ್ತು, ಅಲ್ಲಿ ಬಚಾವ್.

ಮಾಡ್ಯೂಲಿನ ವೇಗ ಬದಲಾಯಿಸಬೇಕಾದರೆ ಅದನ್ನು ಯುಎಸ್‌ಬಿ-ಟಿಟಿಎಲ್ ವೈರಿಗೆ (ಲ್ಯಾಪ್‌ಟಾಪಿನ ಯುಎಸ್‌ಬಿಯನ್ನು ಸೀರಿಯಲ್ ಪಿನ್ನಿಗೆ ಸೇರಿಸುವ ವೈರು) ಜೋಡಿಸಿ, ಸಾಸಿವೆ ಗಾತ್ರದ ಬಟನ್ ಒತ್ತಿ ಹಿಡಿದೇ ವೈರನ್ನು ಲ್ಯಾಪ್‌ಟಾಪಿಗೆ ಚುಚ್ಚಬೇಕು. ನನಗಿರುವುದು ಎರಡೇ ಕೈ. ಅಮ್ಮನನ್ನು ಕರೆದೆ.

"ಈಗ ಚುಚ್ಲಾ?"

"ತಡಿಯಮ್ಮ, ಬಟನ್ ಜಾರ್ತು."

"ಹಾಲು ಇಟ್ಟು ಬಂದಿದ್ದೀನಿ ಕಣೋ."

"ಹಾಂ, ಚುಚ್ಚು!"

ದೀಪ ನಿಧಾನವಾಯಿತು, ಎರಡು ಸೆಕೆಂಡಿಗೊಮ್ಮೆ. 38400 ವೇಗದಲ್ಲಿ ಎಟಿ (ಮಾಡ್ಯೂಲನ್ನು ಮಾತಾಡಿಸುವ ಆಜ್ಞೆ) ಎಂದು ಕಳಿಸಿದರೆ ಓಕೆ ಎಂದು ಉತ್ತರ ಬಂತು. ಅಡುಗೆಮನೆಯಲ್ಲಿ ಹಾಲು ಉಕ್ಕಿತು.

ಒಲೆ ಒರೆಸುತ್ತಾ ಅಮ್ಮ ಕೇಳಿದಳು: "ಅಲ್ವೋ, ಈ ವೈರನ್ನೇ ನೇರ ಆ ಪೆಟ್ಟಿಗೆಗೆ ಹಾಕಿದ್ರೆ ಆಗ್ತಿರ್ಲಿಲ್ವಾ?"

ಆಗುತ್ತಿತ್ತು. ಆದರೆ ಆಗ ವೈರ್ ಇರುತ್ತಿತ್ತಲ್ಲ.

ಮಾಡ್ಯೂಲನ್ನು 115200ಕ್ಕೆ ಏರಿಸಿ ಪೈಗೆ ಮರಳಿ ಜೋಡಿಸಿದೆ, ಕೊನೆಗೂ ಲಾಗಿನ್ ಬಂತು. ಹೊಸ ವೈಫೈ ಪಾಸ್‌ವರ್ಡ್ ಹಾಕಿ ಪೈ ರೀಸ್ಟಾರ್ಟ್ ಮಾಡಿದೆ. ಎಷ್ಟು ಹೊತ್ತಾದರೂ ಕನೆಕ್ಟ್ ಆಗಲಿಲ್ಲ. ತಮ್ಮನನ್ನು ಕೇಳಿದೆ.

"ಟೀವಿ ರಿಮೋಟಲ್ಲಿ ಅಷ್ಟುದ್ದ ಪಾಸ್‌ವರ್ಡ್ ಒತ್ತೋಕೆ ಯಾರಿಂದಾಗುತ್ತೆ ಅಣ್ಣಾ? ಈಗ್ತಾನೇ ಹಳೇದನ್ನೇ ವಾಪಸ್ ಇಟ್ಟೆ."