ಇದು ಪೀಠೋಪಕರಣವಲ್ಲ ಸ್ವಾಮಿ

ಹೋ ಚಿ ಮಿನ್ ನಗರದ ಲಲಿತಕಲಾ ಸಂಗ್ರಹಾಲಯದಲ್ಲಿ ನಮ್ಮ ಪ್ರವಾಸಿ ತಂಡದ ಹಿರಿಯರೊಬ್ಬರು ಒಂದು ದೊಡ್ಡ ಲ್ಯಾಕರ್ ಚಿತ್ರದ (ಲ್ಯಾಕರ್ ಎಂದರೆ ಮರದಿಂದ ಒಸರುವ ಅಂಟು; ಅದನ್ನು ಹಲಗೆಯ ಮೇಲೆ ಪದರಪದರವಾಗಿ ಹಚ್ಚಿ ಮಾಡುವ ಚಿತ್ರ) ಮುಂದೆ ನಿಂತು, “ಒಳ್ಳೆಯ ಮರಗೆಲಸ. ಒಂದು ಕೈ ಪಾಲಿಶ್ ಹೊಡೆದಿದ್ದರೆ ಫಳಫಳ ಹೊಳೆಯುತ್ತಿತ್ತು” ಎಂದು ಅಪ್ಪಣೆ ಕೊಡಿಸಿದರು. ನಾನು ಸುಮ್ಮನಿರಲಿಲ್ಲ. ಚಿತ್ರಕಲೆ ಕಲಿಸಿಯೇ ಹೊಟ್ಟೆ ಹೊರೆದವನ ನಾಲಿಗೆ ಎಂಥದೆಂದು ನಿಮಗೆಲ್ಲ ಗೊತ್ತೇ ಇದೆ. ಗೈಡ್ ಅವಸರಪಡಿಸಿದ್ದರಿಂದ ಅರ್ಧಕ್ಕೆ ನಿಂತ ಆ ಜಗಳವನ್ನು ಇಲ್ಲಿ ಪೂರ್ತಿ ಮಾಡುತ್ತೇನೆ.

ಅದು ನ್ಗುಯೆನ್ ಜಿಯಾ ತ್ರಿ ಅವರ ವಸಂತೋದ್ಯಾನದ ಚಿತ್ರ. ವಿಯೆಟ್ನಾಮಿನ ಉತ್ತರ, ಮಧ್ಯ, ದಕ್ಷಿಣ ಈ ಮೂರೂ ಸೀಮೆಯ ಹೆಣ್ಣುಮಕ್ಕಳು ಒಂದೇ ತೋಟದಲ್ಲಿ ನೆರೆದಿದ್ದಾರೆ. ಒಂಬತ್ತು ಹಲಗೆಗಳನ್ನು ಜೋಡಿಸಿದ ಇದು ಎರಡು ಮೀಟರ್ ಎತ್ತರ, 5.4 ಮೀಟರ್ ಅಗಲವಿದೆ. 1969ರಲ್ಲಿ ಕೈಹಚ್ಚಿ, ದೇಶ ಯುದ್ಧ ಮುಗಿಸಿ ಒಂದಾದ ಎಷ್ಟೋ ವರ್ಷಗಳ ನಂತರ, 1989ರಲ್ಲಿ ಅವರು ಇದನ್ನು ಮುಗಿಸಿದರು. 1908ರಲ್ಲಿ ಹುಟ್ಟಿದ ಅವರಿಗೆ ಆಗ ಎಂಬತ್ತು ದಾಟಿತ್ತು. ಹನೋಯ್‌ನಲ್ಲಿ 1925ರಲ್ಲಿ ತೆರೆದ ಇಂಡೋಚೀನಾ ಲಲಿತಕಲಾ ಶಾಲೆಯ ವಿದ್ಯಾರ್ಥಿಯಾಗಿದ್ದಾಗ ಹಿಡಿದ ಈ ಮಾಧ್ಯಮವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಅಲ್ಲಿಯವರೆಗೆ ದೇವರ ಪೀಠಕ್ಕೆ, ಗುಡಿಯ ಫಲಕಕ್ಕೆ ಬಳಿಯುತ್ತಿದ್ದ ಕಪ್ಪು, ಕಂದು, ಕೆಂಪಿನ ಅಂಟು ಅದು. ಅದರಲ್ಲಿ ಬೆಳಕನ್ನು, ಆಳವನ್ನು, ಹೆಣ್ಣಿನ ಉಡುಪಿನ ಬಿಳುಪನ್ನು ತರಲು ಸಾಧ್ಯವೇ ಎಂದು ಅವರು ಆಯುಸ್ಸಿಡೀ ಪರೀಕ್ಷಿಸುತ್ತಲೇ ಇದ್ದರು.

ಬಿಳುಪೇ ಅಲ್ಲಿಯ ದೊಡ್ಡ ತಲೆನೋವು. ಮರದ ಅಂಟು ಸ್ವಭಾವತಃ ಕಂದು. ಯಾವ ಬಿಳಿ ಬಣ್ಣ ಬೆರೆಸಿದರೂ ಅದು ಮಾಸಲಾಗುತ್ತದೆ. ಅದಕ್ಕೇ ಮೊಟ್ಟೆಯ ಚಿಪ್ಪು. ಒಳಪೊರೆ ಸುಲಿದ ಚಿಪ್ಪನ್ನು ಹಸಿ ಲ್ಯಾಕರಿನ ಮೇಲಿಟ್ಟು ಒತ್ತಿದರೆ ಅದು ಬಿರಿದು ಚೂರುಚೂರಾಗಿ ಕೂರುತ್ತದೆ. ಬಿರುಕುಗಳ ನಡುವೆ ಕಪ್ಪು ಎಳೆಗಳು ಉಳಿಯುತ್ತವೆ. ಹತ್ತಿರ ಹೋಗಿ ನೋಡಿದರೆ ಸೆರಗಿನಷ್ಟು ಅಗಲದ ಜಾಗದಲ್ಲೂ ಲೆಕ್ಕವಿಲ್ಲದಷ್ಟು ಚೂರುಗಳು. ಇವುಗಳ ಮೇಲೆ ಚಿನ್ನದ, ಬೆಳ್ಳಿಯ ರೇಕು, ಅದರ ಮೇಲೆ ಮತ್ತೆ ಪಾರದರ್ಶಕ ಲ್ಯಾಕರ್. ಪ್ರತಿ ಪದರವೂ ಒಣಗಬೇಕು. ಅದೂ ಬಿಸಿಲಿನಲ್ಲಲ್ಲ, ತೇವದ ಗಾಳಿಯಲ್ಲಿ. ಆಮೇಲೆ ನೀರು ಹಾಕಿ ಉಜ್ಜುವುದು. ಕೆಳಗೆ ಹೂತದ್ದು ಎಷ್ಟು ಮೇಲೆ ಬರಬೇಕು, ಎಲ್ಲಿ ಕೈ ನಿಲ್ಲಿಸಬೇಕು ಎಂಬುದನ್ನು ಕಣ್ಣು ಅಲ್ಲೇ ತೀರ್ಮಾನಿಸಬೇಕು. ಉಳಿದ ಚಿತ್ರಗಳಿಗೆ ಬಣ್ಣ ಬಳಿಯುತ್ತಾರೆ; ಇದನ್ನು ಉಜ್ಜಿ ಹೊರತೆಗೆಯುತ್ತಾರೆ. ಅಂಟು ಕೊಡುವ ಮರವೂ ಸಾಧುವಲ್ಲ: ನಮ್ಮ ಮಾವು, ಗೇರುಗಳ ಕುಟುಂಬದ್ದೇ ಆದ ಅದರ ರಸ ತಾಗಿದರೆ ಗೇರುಬೀಜದ ಸಿಪ್ಪೆಯ ಎಣ್ಣೆಯಂತೆಯೇ ಮೈ ಉರಿದು ಬೊಬ್ಬೆ ಏಳುತ್ತದೆ. ಗೋಡಂಬಿ ಸಿಪ್ಪೆಯ ಎಣ್ಣೆಯಿಂದ ತಯಾರಾದ ಅಗ್ಗದ ಲ್ಯಾಕರನ್ನು ಪ್ರವಾಸಿಗಳಿಗೆ ಮಾರುವ ತಟ್ಟೆ, ಪೆಟ್ಟಿಗೆಗಳಿಗೆ ಬಳಿಯುವುದೂ ಉಂಟು. ಅವುಗಳಿಗೆ ಯಾರು ಬೇಕಾದರೂ ಪಾಲಿಶ್ ಹೊಡೆದುಕೊಳ್ಳಲಿ.

ಈಗ ಆ ಹಿರಿಯರ ಮಾತಿಗೆ ಬರುತ್ತೇನೆ. ಅವರಿಗೆ ತಿಳಿಯದ ಸಂಗತಿಯೆಂದರೆ, ಅವರ ಅಪ್ಪಣೆ ಈಗಾಗಲೇ ಜಾರಿಯಾಗಿದೆ! 2013ರಲ್ಲಿ ರಾಷ್ಟ್ರೀಯ ನಿಧಿಯೆಂದು ಘೋಷಿತವಾದ ಇದೇ ಚಿತ್ರವನ್ನು ‘ಸ್ವಚ್ಛಗೊಳಿಸಲು’ ಹೋಗಿ, ಪಾತ್ರೆ ತೊಳೆಯುವ ದ್ರವ, ಪಾಲಿಶ್ ಪುಡಿ, ಉಪ್ಪುಕಾಗದಗಳಿಂದ ತಿಕ್ಕಿ ಹಾಳುಗೆಡವಿದ್ದು 2019ರಲ್ಲಿ ಬಯಲಾಗಿ ದೊಡ್ಡ ರಂಪವಾಯಿತು. ದೇಶದ ನಿಧಿ ಎಂದು ಪಟ್ಟ ಕಟ್ಟುವುದು, ಆಮೇಲೆ ಅಡುಗೆಮನೆಯ ಸಾಮಾನು ತಂದು ತಿಕ್ಕುವುದು! ಕಣ್ಣಿಗೆ ಅದು ಚಿತ್ರವಾಗಿ ಕಾಣದೆ ಹೊಳೆಯುವ ಮರದ ಸಾಮಾನಾಗಿ ಕಂಡರೆ ಕೈ ಮಾಡುವುದು ಇದನ್ನೇ.

“ಅದೂ ಉಜ್ಜಿಯೇ ಮಾಡಿದ್ದಲ್ಲವೇ, ಇನ್ನೊಮ್ಮೆ ಉಜ್ಜಿದರೇನು?” ಎಂದು ಬಸ್ಸಿನಲ್ಲಿ ಒಬ್ಬ ಜಾಣರು ಕೇಳಿದರು. ಧೂಳು ಒರೆಸದೆ ಬಿಡಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಆ ಪದರಗಳನ್ನು ಹಾಕಿದವರು 1993ರಲ್ಲಿ ತೀರಿಕೊಂಡರು. ಯಾವುದರ ಕೆಳಗೆ ಯಾವುದಿದೆ ಎಂಬುದು ಗೊತ್ತಿದ್ದದ್ದು ಅವರೊಬ್ಬರಿಗೆ. ಗೊತ್ತಿಲ್ಲದವನು ಉಜ್ಜಿದರೆ ಹೋಗುವುದು ಕೊಳೆಯಲ್ಲ, ಅವರು ಬೇಕೆಂದೇ ಉಳಿಸಿದ್ದ ಕೊನೆಯ ಕೂದಲೆಳೆಯಷ್ಟು ಪದರ. ಆ ಮಂಕು ಹೊಳಪಿನ ಒಳಗೇ ಅಲ್ಲವೇ ತೋಟದ ಆಳವಿದ್ದದ್ದು? ಹಾಗೆ ಹೋದದ್ದನ್ನು ಯಾವ ತಜ್ಞರೂ ಮರಳಿ ಕೂರಿಸಲಾರರು.

ನನ್ನ ಸಿಟ್ಟಿನಲ್ಲಿ ಹೊಟ್ಟೆಕಿಚ್ಚೂ ಇದೆ, ಮುಚ್ಚಿಡುವುದೇಕೆ? ಮಧ್ಯಾಹ್ನ ಬಳಿದದ್ದು ಸಂಜೆಯ ಕಾಫಿಗೆ ಮುಂಚೆ ಒಣಗಬೇಕೆಂದು ಅಕ್ರಿಲಿಕ್ ಹಿಡಿದವನು ನಾನು. ಒಂದೇ ಚಿತ್ರದ ಮುಂದೆ ಇಪ್ಪತ್ತು ವರ್ಷ ಕೂರುವ ಜಾತಿ ನನ್ನದಲ್ಲ. ಅಂಥವರನ್ನು ಕಂಡಾಗ ಮೊದಲು ಕರುಬುತ್ತೇನೆ, ಆಮೇಲೆ ಅವರ ಪರವಾಗಿ ಊರೆಲ್ಲ ಜಗಳವಾಡುತ್ತೇನೆ.

ಸಂಗ್ರಹಾಲಯದವರು ಇಂಥ ಚಿತ್ರಗಳ ಪಕ್ಕದಲ್ಲಿ ಒಂದು ಮಾದರಿ ಹಲಗೆಯನ್ನಾದರೂ ಇಡಬೇಕು: ಬರಿಯ ಮರ, ಬಟ್ಟೆ, ಮಣ್ಣು ಬೆರೆಸಿದ ಲ್ಯಾಕರ್, ಚಿಪ್ಪು, ರೇಕು, ಉಜ್ಜುವ ಮುಂಚೆ, ಉಜ್ಜಿದ ಮೇಲೆ. ಬಂದವರು ಮುಟ್ಟಿ ನೋಡಲಿ. ಒರೆಸುವ ಗುತ್ತಿಗೆ ಹಿಡಿದವರಿಗೆ ಅದನ್ನು ಎಲ್ಲರಿಗಿಂತ ಮೊದಲು ತೋರಿಸಲಿ.