ಎದುರು ಪಾತ್ರಕ್ಕೂ ಅರ್ಥ ಬೇಕು

ಮರುನಿರ್ಮಾಣ ಎಂಬ ಮಾತು ಕಿವಿಗೆ ಬಿದ್ದೊಡನೆ ಕಾಸರಗೋಡಿನ ನಮ್ಮಂಥ ಕನ್ನಡಿಗರಿಗೆ ತುಸು ಬೇಸರವಾಗುವುದಕ್ಕೆ ಕಾರಣವಿದೆ. ಪೇಟೆಯ ಥಿಯೇಟರಿನಲ್ಲಿ ಒಳ್ಳೆಯ ಮಲಯಾಳ ಚಿತ್ರವೊಂದನ್ನು ನೋಡಿ ಬಂದಿರುತ್ತೇವೆ. ಒಂದೆರಡು ವರ್ಷ ಕಳೆದು ಅದೇ ಕನ್ನಡದಲ್ಲಿ ಬಂತೆಂದು ಮಂಗಳೂರಿಗೆ ಹೋಗಿ ನೋಡಿದರೆ, ಮನೆಯ ಜಗಲಿಯಿಂದ ಹಿಡಿದು ತಾಯಿ ಅಳುವ ಗಳಿಗೆಯವರೆಗೆ ಎಲ್ಲವೂ ಇದ್ದಲ್ಲೇ ಇರುತ್ತದೆ, ಭಾಷೆ ಮಾತ್ರ ಬೇರೆ. ಆದ್ದರಿಂದ ಅಮೆರಿಕದ ಹಳೆಯ ವೈಜ್ಞಾನಿಕ ಧಾರಾವಾಹಿಯೊಂದರ ಮರುನಿರ್ಮಾಣಕ್ಕೆ ಪ್ರಸಾರ ಮಾಧ್ಯಮಗಳ ಒಳ್ಳೆಯ ಕೆಲಸಕ್ಕೆ ಅಲ್ಲಿ ಕೊಡುವ ಪೀಬಡಿ ಪ್ರಶಸ್ತಿ 2005ರ ಸಾಲಿನಲ್ಲಿ ಬಂದಿತ್ತೆಂದು ತಿಳಿದಾಗ ನನಗೆ ಮೊದಲು ಹುಟ್ಟಿದ್ದು ಅನುಮಾನವೇ.

1978ರಲ್ಲಿ ಆರಂಭವಾದ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಒಂದೇ ಸೀಸನ್ನಿಗೆ ನಿಂತುಹೋಗಿತ್ತು. ಸೈಲಾನ್‌ಗಳೆಂಬ ಯಂತ್ರಗಳು ಮನುಷ್ಯರ ಹನ್ನೆರಡು ಲೋಕಗಳನ್ನು ನಾಶ ಮಾಡುತ್ತವೆ; ಅಳಿದುಳಿದವರು ಹಡಗುಗಳಲ್ಲಿ ಭೂಮಿಯನ್ನು ಹುಡುಕುತ್ತ ಹೊರಡುತ್ತಾರೆ. 2003ರಲ್ಲಿ ರೊನಾಲ್ಡ್ ಮೂರ್ ಈ ಕಥೆಯನ್ನೇ ಎತ್ತಿಕೊಂಡು 2009ರವರೆಗೆ ನಡೆಸಿದರು. (ಅದರ ಶೀರ್ಷಿಕೆ ಸಂಗೀತದಲ್ಲಿ ಗಾಯತ್ರಿ ಮಂತ್ರ ಕೇಳಿಬರುತ್ತದೆ. ಅಡುಗೆಮನೆಯಲ್ಲಿದ್ದ ಅಮ್ಮ, ಇದು ಯಾವ ಚಾನೆಲ್ ಎಂದು ಕೇಳಿದ್ದರು.) ಹಳೆಯದರಲ್ಲಿ ಸೈಲಾನ್‌ಗಳನ್ನು ಸೃಷ್ಟಿಸಿದ್ದು ಯಾವುದೋ ಸರೀಸೃಪ ಜನಾಂಗ, ಹೊಸದರಲ್ಲಿ ಸ್ವತಃ ಮನುಷ್ಯ, ಅದೂ ತನ್ನ ಚಾಕರಿಗಾಗಿ. ಈ ಒಂದು ಬದಲಾವಣೆಯಿಂದ ತಗಡಿನ ಸಿಪಾಯಿಗಳಾಗಿದ್ದ ಶತ್ರುಗಳಿಗೆ ಮನುಷ್ಯರೂಪ, ಏಕದೇವನಲ್ಲಿ ನಂಬಿಕೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಒಂದು ವಾದ ದೊರಕಿತು.

ಇದನ್ನು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಸುತ್ತಮುತ್ತ ಬೆಳೆದವರು ವಾಲಿವಧೆಯ ತಾಳಮದ್ದಲೆಯನ್ನು, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವನ್ನು, ಎಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ. ಪಾತ್ರದ ಪರವಾಗಿ ಅಲ್ಲಲ್ಲೇ ಕಟ್ಟಿ ಆಡುವ ಮಾತಿಗೆ ಅಲ್ಲಿ ‘ಅರ್ಥ’ ಎನ್ನುತ್ತಾರೆ. ಭಾಗವತರು ಹಾಡುವ ಪದ್ಯ ಅದೇ, ವಾಲಿ ಬೀಳುವುದೂ ಖಂಡಿತ. ಆದರೂ ಜನ ರಾತ್ರಿಯಿಡೀ ಕುಳಿತುಕೊಳ್ಳುವುದು, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಈ ಸಲ ಹೇಗೆ ಪ್ರಶ್ನಿಸುತ್ತಾನೆಂದು ಕೇಳುವುದಕ್ಕೆ. ಅರ್ಥ ಹೇಳುವುದರಲ್ಲಿ ಹೆಸರಾಂತ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಗೆ ಅಷ್ಟು ಹೆಸರು ಬಂದದ್ದು ಸೋಲುವವನ ಪಕ್ಷಕ್ಕೂ ಅವರು ಪೂರ್ತಿ ಅರ್ಥ ಹೇಳುತ್ತಿದ್ದುದರಿಂದ. ಹೊಸ ಗ್ಯಾಲಾಕ್ಟಿಕಾ ಮಾಡಿದ್ದು ಅದನ್ನೇ. 2006ರಲ್ಲಿ ಬಂದ ಮೂರನೆಯ ಸೀಸನ್ ಇನ್ನೂ ಮುಂದೆ ಹೋಯಿತು: ಸೈಲಾನ್‌ಗಳ ಆಳ್ವಿಕೆಯಡಿ ಸಿಕ್ಕಿಬಿದ್ದ ಮನುಷ್ಯರು, ಅಂದರೆ ನಾವು ಯಾರ ಪಕ್ಷ ವಹಿಸಿ ನೋಡುತ್ತಿದ್ದೆವೋ ಅವರು, ಆತ್ಮಾಹುತಿ ಬಾಂಬಿಗೆ ಕೈಹಾಕುತ್ತಾರೆ, ಅಮೆರಿಕದ ಸೇನೆ ಇರಾಕಿನಲ್ಲಿ ಕುಳಿತಿದ್ದ ಕಾಲದಲ್ಲಿ ಅಮೆರಿಕದ ಟಿವಿಯೇ ಇದನ್ನು ತೋರಿಸಿತು.

ಹಳೆಯ ಅಭಿಮಾನಿಗಳ ಸಿಟ್ಟು ಕಡಿಮೆಯದಾಗಿರಲಿಲ್ಲ. ಸ್ಟಾರ್‌ಬಕ್ ಎಂಬ ಪೈಲಟನನ್ನು ಹೆಣ್ಣಾಗಿಸಿದ್ದನ್ನು, ಮೊದಲು ಆ ಪಾತ್ರ ಮಾಡಿದ್ದ ನಟರೇ ಬಹಿರಂಗವಾಗಿ ಹಳಿದರು. ಹಳೆಯದರಲ್ಲಿ ನಾಯಕ ಅಪೊಲೊ ಆಗಿದ್ದ ರಿಚರ್ಡ್ ಹ್ಯಾಚ್ ಕೂಡ ಮೊದಲು ವಿರೋಧಿಸಿದವರೇ. ಆಮೇಲೆ ಹೊಸದರೊಳಗೆ ಬಂದು ಸರಕಾರಕ್ಕೆ ತಿರುಗಿಬೀಳುವ ಬಂಡಾಯಗಾರ ಜಾರೆಕ್ ಆದರು. ನಿನ್ನೆ ರಾಮನಿಗೆ ಅರ್ಥ ಹೇಳಿದವರು ಇಂದು ವಾಲಿಗೆ ಕುಳಿತಂತೆ ಎಂದುಕೊಂಡು ನಾನು ಅದನ್ನು ಬಹಳ ಸುಖಪಟ್ಟು ನೋಡಿದೆ. ಟೈಮ್ ಪತ್ರಿಕೆ 2005ರ ಅತ್ಯುತ್ತಮ ಟಿವಿ ಕಾರ್ಯಕ್ರಮವೆಂದು ಇದನ್ನೇ ಆರಿಸಿತು. ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಯವರು ಮಾತ್ರ ದೃಶ್ಯ ಪರಿಣಾಮ, ಧ್ವನಿ ಸಂಕಲನಗಳಂಥವಕ್ಕೆ ಪ್ರಶಸ್ತಿ ಕೊಟ್ಟರೇ ಹೊರತು ಅತ್ಯುತ್ತಮ ನಾಟಕೀಯ ಧಾರಾವಾಹಿಯ ವಿಭಾಗಕ್ಕೆ ಒಮ್ಮೆಯೂ ನಾಮನಿರ್ದೇಶನ ಮಾಡಲಿಲ್ಲ. ಅಂತರಿಕ್ಷದ ಕಥೆಯೆಂದರೆ ಅಲ್ಲಿಯೂ ಪಂಕ್ತಿ ಬೇರೆ.

ನಮ್ಮ ಚಿತ್ರಗಳ ಬಗ್ಗೆ ನನ್ನ ತಕರಾರು ಇರುವುದು ಇಲ್ಲಿ. ಮಲಯಾಳದ ತರವಾಡಿನ ಕಾರಣವರನ್ನು, ಅಂದರೆ ತಾಯಿಯ ಕಡೆಯಿಂದ ವಂಶ ನಡೆಯುತ್ತಿದ್ದ ಕೂಡುಕುಟುಂಬದ ಯಜಮಾನ ಸೋದರಮಾವನನ್ನು, ಎತ್ತಿ ಹಳೆ ಮೈಸೂರಿನ ಗೌಡರ ಮನೆಯಲ್ಲಿ ಕೂರಿಸಿದರೆ, ಅಲ್ಲಿ ಆಸ್ತಿ ಸೋದರಳಿಯನಿಗೆ ಹೋಗುವ ಪದ್ಧತಿಯಿಲ್ಲ, ಆದ್ದರಿಂದ ಮಾವ ಅಳಿಯಂದಿರ ಹಗೆ ಬೇರೆಯೇ ಕಾರಣದಿಂದ ಹುಟ್ಟಬೇಕಾಗುತ್ತದೆ. ಅಂಥದೊಂದು ಚಿತ್ರವನ್ನು ಮಂಗಳೂರಿನಲ್ಲಿ ನೋಡುತ್ತಿದ್ದಾಗ ಪಕ್ಕದಲ್ಲಿದ್ದ ನನ್ನ ಸೋದರಮಾವ ಮಧ್ಯಂತರದಲ್ಲಿ ಕೇಳಿದ್ದರು: “ಅಲ್ಲ ಮಾರಾಯ, ಇವರಿಬ್ಬರಿಗೆ ಜಗಳ ಎಂತಕ್ಕೆ?”